ಎಲುಬು ಮೊದಲೋ, ಮಾಂಸ ಮೊದಲೋ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದಿನ ಚಿನಕುರುಳಿ,

ನಿನಗೆ ಸಲಾಮು, ನಿನ್ನ ಮನೆಯವರಿಗೂ. ನಿನ್ನೆಯ ಸಂಗತಿಯನ್ನು ಫೋನಿನಲ್ಲಿ ಹೇಳಿದರೆ ನೀನು ನಡುವೆ ಬಾಯಿ ಹಾಕಿ ಕೆಡಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ಔಷಧದಂಗಡಿಯಲ್ಲಿ ಗಿರಾಕಿ ಇಲ್ಲದಾಗಲೆಲ್ಲ ಅಬ್ಬಾ ಏನೋ ಗೀಚುತ್ತಿದ್ದರಲ್ಲ, ಅದು ಪುಸ್ತಿಕೆಯಾಗಿದೆ. ಹೊಟ್ಟೆಯಲ್ಲಿ ಮಗು ಬೆಳೆಯುವ ಬಗ್ಗೆ ಕುರಾನ್ ಹೇಳಿದ ಒಂದೊಂದು ಮಾತನ್ನೂ ವಿಜ್ಞಾನ ಸಾಬೀತು ಮಾಡಿದೆ ಅನ್ನುವುದು ಅದರ ವಾದ. ಬಿಡುಗಡೆಯ ದಿನ ಮಾತಾಡಬೇಕಾದವಳು ನಾನು. ಪ್ರಯೋಗಾಲಯದಲ್ಲಿ ದಿನವೂ ಭ್ರೂಣ ನೋಡುವ ಮಗಳೇ ಹೌದು ಅಂದುಬಿಟ್ಟರೆ ಇನ್ನು ಯಾರು ಎದುರಾಡುತ್ತಾರೆ ಅಂತ ಅವರ ಲೆಕ್ಕ.

ಓದಿದೆ. ಹನಿ, ಅಂಟಿಕೊಂಡದ್ದು, ಅಗಿದ ತುತ್ತಿನಂಥದ್ದು, ಇಲ್ಲಿಯವರೆಗೆ ನನಗೂ ಮೈ ಜುಮ್ಮೆಂದಿತು. ಮುಂದೆ, ಮೊದಲು ಎಲುಬು, ಆಮೇಲೆ ಅದಕ್ಕೆ ಮಾಂಸದ ಹೊದಿಕೆ. ಇದೂ ಅಕ್ಷರಶಃ ಸಾಬೀತಾಗಿದೆ ಎಂದು ಬರೆದಿದ್ದರು. ಹಾಗಿಲ್ಲ ಕಣೇ. ಎಲುಬಾಗಬೇಕಾದ ಮೃದ್ವಸ್ಥಿಯೂ ಸ್ನಾಯುವೂ ಹೆಚ್ಚುಕಡಿಮೆ ಒಟ್ಟಿಗೇ ಮೂಡುತ್ತವೆ. ಹೇಳಿದೆ. ಅಬ್ಬಾ ಕನ್ನಡಕ ತೆಗೆದು, "ನೀನು ನನ್ನ ಮಗಳೋ, ಆ ಸೂಕ್ಷ್ಮದರ್ಶಕದ ಮಗಳೋ?" ಅಂದರು. ಅಲ್ಲಿಂದ ಮಾತು ಬಂದ್. ನನ್ನ ಪಕ್ಕದಲ್ಲೇ ಇದ್ದ ಉಪ್ಪನ್ನೂ ಅಮ್ಮಿಯ ಮೂಲಕ ಕೇಳುತ್ತಿದ್ದರು.

ಮಸೀದಿಯ ಪಕ್ಕದ ಸಭಾಂಗಣ ತುಂಬಿತ್ತು. ಇದ್ದದ್ದನ್ನೇ ಹೇಳಿದೆ. ಗಂಡಿನ ಕಣವೂ ಹೆಣ್ಣಿನ ಕಣವೂ ಕೂಡಿ ಒಂದಾಗುವುದು, ಒಡೆದು ಹಲವಾಗುವುದು, ಗರ್ಭದ ಗೋಡೆಗೆ ಅಂಟುವುದು. ಕುರಾನಿನ ಆ ವಚನ ನನ್ನನ್ನು ಬೆರಗಿಗೆ ಕರೆಯುತ್ತದೆ, ಆದರೆ ಅದನ್ನು ಪಠ್ಯಪುಸ್ತಕ ಮಾಡಲಾರೆ. ಕಾಣದ್ದನ್ನು ಕಂಡೆ ಅಂದರೆ ಅದೂ ಸುಳ್ಳುಸಾಕ್ಷಿಯೇ ಅಂದೆ. ಮಸೀದಿ ಸಮಿತಿಯ ಹಿರಿಯರೊಬ್ಬರು ಎದ್ದರು. "ಹಾಗಾದ್ರೆ ವಚನ ತಪ್ಪು ಅಂತೀಯೇನಮ್ಮ?" "ಇಲ್ಲ ಚಾಚಾ, ಅಬ್ಬಾ ಬರೆದಿರೋ ಸಾಲು ತಪ್ಪು ಅಂತೀನಿ." ಅಬ್ಬಾ ನೆಲ ನೋಡುತ್ತಿದ್ದರು.

ಆಗ ಹೆಂಗಸರ ಕಡೆ ಹಿಂದಿನ ಸಾಲಿನಿಂದ ಒಂದು ದನಿ. "ನಂಗೊಂದು ಹೋಯ್ತು, ಮೂರು ತಿಂಗಳೂ ತುಂಬಿರಲಿಲ್ಲ. ನೀರಿನ ಕೊಡ ಎತ್ತಿದ್ದಕ್ಕೇ ಹೋಯ್ತು ಅಂದ್ರು. ಹೌದಾ?"

"ಅಲ್ಲ," ಅಂದೆ. ಹಾಗೆ ಶುರುವಿನಲ್ಲೇ ಹೋಗುವ ಗರ್ಭಗಳಲ್ಲಿ ಹೆಚ್ಚಿನವು ವರ್ಣತಂತುಗಳು ಸರಿಯಾಗಿ ಕೂಡದೆ ಹೋಗುತ್ತವೆ, ಕೊಡ ಎತ್ತಿದ್ದಕ್ಕಲ್ಲ, ಅದು ನಿಮ್ಮ ತಪ್ಪಲ್ಲ ಅಂದೆ. ಕಟ್ಟೆ ಒಡೆದ ಹಾಗೆ ಪ್ರಶ್ನೆಗಳು ಬಂದವು ಕಣೇ. ಹೆಣ್ಣೇ ಹುಟ್ಟಿದರೆ ಯಾರ ಕಾರಣ? ಮಕ್ಕಳಾಗದಿದ್ದರೆ ಗಂಡನಿಗೂ ಪರೀಕ್ಷೆ ಮಾಡಿಸಬೇಕಾ? ಗಂಡಸರೂ ಕಿವಿಗೊಟ್ಟು ಕೂತಿದ್ದರು.

ಕೊನೆಗೆ ಅಬ್ಬಾ ಎದ್ದು ನಿಂತರು. "ಇವತ್ತು ಬಿಡುಗಡೆ ಬೇಡ. ಇವತ್ತಿನ ವಿಜ್ಞಾನದ ಗೂಟಕ್ಕೆ ದೇವರ ಮಾತು ಕಟ್ಟಿಹಾಕಿದ್ದು ನನ್ನ ಆತುರ. ಆ ಅಧ್ಯಾಯ ತಿದ್ದಬೇಕು. ನನ್ನ ಮಗಳ ಜೊತೆ ಕೂತು ತಿದ್ತೀನಿ," ಅಂದರು. ಇಮಾಮರು ಅಲ್ಲೇ, ಹೆಂಗಸರ ಪ್ರಶ್ನೆಗಳಿಗಾಗಿ ತಿಂಗಳಿಗೊಮ್ಮೆ ಸಭಾಂಗಣ ನನಗೆ ಬಿಟ್ಟುಕೊಡುವುದಾಗಿ ಹೇಳಿದರು. ಅದೇ ಸಮಿತಿಯ ಚಾಚಾ ತಮ್ಮ ಸೊಸೆಯ ಹೆಸರನ್ನು ಮೊದಲು ಬರೆಸಿದರು. ದಾರಿಯುದ್ದಕ್ಕೂ ನನ್ನ ಚೀಲ ಹೊತ್ತ ಅಬ್ಬಾ ಸಿಕ್ಕವರಿಗೆಲ್ಲ, ಗುರುತಿಲ್ಲದವರಿಗೂ, "ನನ್ನ ಮಗಳು" ಅನ್ನುತ್ತಿದ್ದರು. ನಾನು ನೆಲದ ಮೇಲೆ ನಡೆದೇ ಇಲ್ಲ, ಬಿಡು.

ಗೆದ್ದು ಬೀಗುತ್ತಿರುವ,
ನಿನ್ನ ಅಕ್ಕ

ಮರೆತದ್ದಲ್ಲ, ಬರೆಯಲೋ ಬೇಡವೋ ಅಂತಿದ್ದೆ: ಹಿಂದಿನ ಸಾಲಿನಿಂದ ಕೇಳಿದವಳು ನಮ್ಮ ಅಮ್ಮಿ. ದನಿ ಗುರುತಾದರೂ ಎಲ್ಲರೆದುರು ಬೇರೆಯವರಿಗೆ ಹೇಳುವಂತೆ ಹೇಳಿದೆ. ನನಗೂ ನಿನಗೂ ನಡುವೆ ಇನ್ನೊಂದು ಮಗು ಬರಬೇಕಿತ್ತಂತೆ. ಕೊಡ ಎತ್ತಿದ್ದಕ್ಕೇ ಹೋಯ್ತು ಅಂತ ಮೊದಲು ಅಂದವರು ಅಬ್ಬಾ. ಅವರು ಎದ್ದು ನಿಂತದ್ದು ನನ್ನ ಭಾಷಣಕ್ಕಲ್ಲ, ಆ ದನಿಗೆ. ಇವತ್ತು ಬೆಳಗ್ಗೆ ಅಡುಗೆಮನೆಗೆ ಹೋಗಿ ಅವಳಿಗೆ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ಈಗ ಅಮ್ಮಿ ಹಿತ್ತಿಲಲ್ಲಿ ಬಟ್ಟೆ ಹರವುತ್ತಾ ಹಾಡುತ್ತಿದ್ದಾಳೆ. ಅವಳಿಗೆ ಹಾಡು ಬರುತ್ತದೆ ಅಂತ ನಿನಗೆ ಗೊತ್ತಿತ್ತಾ?