ನೆಲ ತಿಳಿಯದ ಕಾಲು

ಪುಣೆ, ಸದಾಶಿವ ಪೇಠ
ತಾ. ೧೭ ಜನವರಿ ೧೯೩೫, ಗುರುವಾರ

ಪ್ರೀತಿಯ ಅಕ್ಕಾ,

ನಿನಗೆ ಪತ್ರ ಬರೆಯುವ ಮೋರೆ ನನಗಿಲ್ಲ, ಆದರೂ ಬರೆಯುತ್ತಿದ್ದೇನೆ. ಮೊದಲು ಅದಕ್ಕೇ ಕ್ಷಮಿಸು. ಲಕೋಟೆಯ ಮೇಲೆ ನನ್ನ ಅಕ್ಷರ ನೋಡಿ ಒಡೆಯದೆ ಗೋಡೆಯ ಮಾಡದಾಗ ಇಟ್ಟುಬಿಡಬೇಡ. ಹೇಗಿದ್ದೀ? ಚಳಿಗಾಲದ ಆ ಕೆಮ್ಮು ಈ ಸಲವೂ ಬಂತೇನು? ಗದಗಿನಲ್ಲಿ ಗಾಳಿ ಎದ್ದಿರಬೇಕು, ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಸಾಲಿಗೆ ಹೋಗಬೇಡ. ಒಂದು ಕ್ಲಾಸು ಪಾಠ ಮಾಡಿ ಇನ್ನೊಂದಕ್ಕೆ ಓಡುವ ಮೊದಲು ಒಂದು ಗುಟುಕು ಬಿಸಿನೀರು ಕುಡಿ. ಇದೆಲ್ಲ ನೀನೇ ನನಗೆ ಹೇಳಿದ ಮಾತು, ತಿರುಗಿಸಿ ಹೇಳುತ್ತಿದ್ದೇನೆ ಅಷ್ಟೇ. 'ನಾನು ಆರಾಮ ಇದ್ದೇನೆ' ಅಂತ ಬರೆದು ಹೊಡೆದುಹಾಕಿದ್ದು ಇಲ್ಲಿ ಕಾಣುತ್ತದೆ. ಮುಂದೆ ಓದು, ಯಾಕೆ ಅಂತ ತಿಳಿಯುತ್ತದೆ.

ದೀಪಾವಳಿಗೆ ನಾನು ಬರಲಿಲ್ಲ ಅಂತ ಕಾರ್ತಿಕದಲ್ಲಿ ನೀನೇ ರೈಲು ಹತ್ತಿ ಬಂದೆ. ಗದಗಿನಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಪುಣೆ, ಕೂತಲ್ಲೇ ಕೂತು, ಮಡಿಲಲ್ಲಿ ರೊಟ್ಟಿಯ ಗಂಟು ಇಟ್ಟುಕೊಂಡು. ಹಾಸ್ಟೆಲಿನ ಗೇಟಿನಲ್ಲಿ ನಿಂತ ನಿನ್ನನ್ನು ನಾನು ಒಳಗೆ ಕರೆಯಲಿಲ್ಲ. ನಿನ್ನ ಕಾಲಿಗೆ ಬೀಳಲಿಲ್ಲ. ನೀನು ಗಲ್ಲ ಹಿಡಿಯಲು ಕೈ ಚಾಚಿದರೆ ಎರಡು ಹೆಜ್ಜೆ ಹಿಂದೆ ಸರಿದೆ. 'ಯಾಕೋ ಬಸೂ, ನಾ ಏನ್ ಹುಲಿ ಏನೋ?' ಅಂತ ನಗುತ್ತಲೇ ಕೇಳಿದೆ. 'ಪ್ರಾಕ್ಟಿಕಲ್ ಅದ, ಹೊತ್ತಾತು' ಅಂದೆ. ಅಂದು ಯಾವ ಪ್ರಾಕ್ಟಿಕಲ್ಲೂ ಇರಲಿಲ್ಲ. ಹತ್ತು ನಿಮಿಷ ಆಗಿರಲಿಕ್ಕಿಲ್ಲ, ನೀನು ಗಂಟನ್ನು ಕಟ್ಟೆಯ ಮೇಲೆ ಇಟ್ಟು, 'ಆತಪಾ. ದೊಡ್ಡಾಂವ ಆದಿ' ಅಂತ ಹೊರಟುಬಿಟ್ಟೆ. ಅಂದಿನಿಂದ ನಿನ್ನದೊಂದು ಕಾರ್ಡೂ ಇಲ್ಲ. ಮೊನ್ನೆ ಸಂಕ್ರಾಂತಿಗೆ ಎಲ್ಲರ ಲಕೋಟೆಯಿಂದಲೂ ಕುಸುರೆಳ್ಳು ಉದುರಿದವು. ಪೋಸ್ಟಮನ್ ನನ್ನ ಬಾಗಿಲು ದಾಟಿ ಹೋಗುವಾಗ ನಾನು ಏನೋ ಬಿದ್ದದ್ದನ್ನು ಹುಡುಕುವವನ ಹಾಗೆ ಮಂಚದ ಕೆಳಗೆ ಬಗ್ಗಿಕೊಂಡಿದ್ದೆ. ನಿನ್ನ ಸಿಟ್ಟು ನ್ಯಾಯದ್ದು. ಆದರೆ ನಾನು ಹಾಗೆ ಮಾಡಿದ್ದಕ್ಕೆ ಕಾರಣ ಒಂದಿತ್ತು. ಕಾರಣ ನನ್ನ ಕಾಲು.

ಶ್ರಾವಣದ ಕೊನೆಗೆ ಶುರುವಾಯಿತು. ಮೊದಲು ಬೆರಳ ತುದಿಯಲ್ಲಿ ಇರಿವಿ ಹರಿದಂಗ. ಬಗ್ಗಿ ನೋಡಿದರೆ ಇರಿವಿ ಇಲ್ಲ. ಆಮೇಲೆ ಎರಡೂ ಅಂಗಾಲು ಉರಿ, ಕೆಂಡದ ಮ್ಯಾಲ ನಿಂತಂಗ. ಉರಿ ಅಂದರೆ ಉಷ್ಣ, ಇದು ನಮ್ಮ ಮನೆಯಲ್ಲಿ ಬೆಕ್ಕಿಗೂ ಗೊತ್ತಿದ್ದ ಮಾತು. ಇಲ್ಲಿ ನಮ್ಮವರ ಊಟದ ಕ್ಲಬ್ಬು ಇಲ್ಲ, ಲಿಂಗ ಕಟ್ಟಿದವ ಕಂಡವರ ಕೈಯಿಂದ ಉಣಬಾರದು ಅಂತ ನೀನೇ ಸ್ಟೋವು ಕೊಡಿಸಿ ಕಳಿಸಿದ್ದೆ. ಹತ್ತನೇ ವರ್ಷದಿಂದ ಬೋರ್ಡಿಂಗಿನಲ್ಲಿ ಬೆಳೆದವನಿಗೆ ರೊಟ್ಟಿ ಬಡಿಯಲು ಎಲ್ಲಿಂದ ಬರಬೇಕು? ಅನ್ನ ಒಂದೇ. ಅದೂ ಮಿಲ್ಲಿನ ಅಕ್ಕಿ, ಮಲ್ಲಿಗೆ ಮೊಗ್ಗಿನಂಥದು. ನೀರು ತಿಳಿಯಾಗುವ ತನಕ ತೊಳೆದು, ಬೆಂದ ಮೇಲೆ ಗಂಜಿ ಬಸಿದು ಚೆಲ್ಲಿ, ಅಗುಳು ಅಗುಳು ಬಿಡಿಯಾಗಿ ಮಾಡಿಕೊಳ್ಳುತ್ತಿದ್ದೆ. ನಮ್ಮಲ್ಲಿ ಅನ್ನ ಅಂದರೆ ಹಬ್ಬಕ್ಕೆ, ಬೀಗರಿಗೆ, ಜ್ವರ ಬಂದವರಿಗೆ. 'ಇಲ್ಲಿ ನನಗೆ ದಿನಾ ಹಬ್ಬ, ಎರಡು ಹೊತ್ತೂ ಬಿಳೀ ಅನ್ನ' ಅಂತ ನಾನು ಬರೆದದ್ದನ್ನು ನೀನು ಓಣಿಗೆಲ್ಲ ಓದಿ ಹೇಳಿದ್ದೀಯಂತೆ. ಉರಿ ಹತ್ತಿದ ಮೇಲೆ ಬೇಳೆ ಉಷ್ಣ ಅಂತ ಅದನ್ನೂ ಬಿಟ್ಟೆ. ಶೇಂಗಾ ಚಟ್ನಿ ಉಷ್ಣ, ಬೆಳ್ಳುಳ್ಳಿ ಉಷ್ಣ. ನೀನು ತಂದ ರೊಟ್ಟಿಯ ಗಂಟನ್ನೂ ಉಷ್ಣ ಅಂತಲೇ ಬಿಚ್ಚಿ ಮಾಳಿಗೆಯ ಮೇಲೆ ಕಾಗೆಗಳಿಗೆ ಹಾಕಿದೆ. ಬರೀ ಅನ್ನ, ನೀರುಮಜ್ಜಿಗೆ. ಎಷ್ಟು ತಣ್ಣಗೆ ಉಂಡೆನೋ ಅಷ್ಟು ಉರಿ ಏರಿತು.

ಆಮೇಲೆ ಉರಿಗಿಂತ ಕೆಟ್ಟದ್ದು ಬಂತು, ಏನೂ ಅನ್ನಿಸದಿರುವುದು. ಗೋಣಿತಟ್ಟು ಸುತ್ತಿಕೊಂಡು ನಡೆದ ಹಾಗೆ. ಕಾಲು ಎಲ್ಲಿ ಮುಗಿಯಿತು, ನೆಲ ಎಲ್ಲಿ ಶುರುವಾಯಿತು, ತಿಳಿಯದು. ಒಂದು ದಿನ ಲೆಕ್ಚರ್ ಹಾಲಿನಲ್ಲಿ ಹೋಗಿ ಕೂತ ಮೇಲೆ ಪಕ್ಕದವ ಹೇಳಿದ, ನನ್ನ ಒಂದು ಕಾಲಲ್ಲಿ ಚಪ್ಪಲಿಯೇ ಇಲ್ಲ ಅಂತ. ಎಲ್ಲಿ ಉದುರಿತ್ತೋ. ಮರುದಿನ ಲೈಬ್ರರಿಯಲ್ಲಿ ದಪ್ಪನೆಯ ಮೆಡಿಕಲ್ ಪುಸ್ತಕ ತೆಗೆದು, ಯಾರಾದರೂ ಬಂದರೆ ಮುಚ್ಚಲಿಕ್ಕೆ ಟ್ರಿಗನಾಮೆಟ್ರಿ ಕೈಯಲ್ಲಿ ಹಿಡಿದು, ನಿಂತೇ ಓದಿದೆ. ಸ್ಪರ್ಶ ಹೋದ ಪಾದಗಳು, ಮುಂದೆ ಒಂದೇ ಶಬ್ದ: ಲೆಪ್ರಸಿ. ಪುಸ್ತಕ ಮುಚ್ಚಿದೆ. ಕುಷ್ಠ, ಅಕ್ಕಾ. ಇಂಗ್ಲಿಷಿನಲ್ಲಿ ಅಂದುಕೊಂಡರೆ ಬೇರೆ ಯಾರದೋ ರೋಗ ಅನ್ನಿಸುತ್ತಿತ್ತು, ಕನ್ನಡದಲ್ಲಿ ಅನ್ನಲು ಬಾಯಿಯೇ ಬರುತ್ತಿರಲಿಲ್ಲ. ಹಾಸ್ಟೆಲಿನಿಂದ ನನ್ನನ್ನು ತೆಗೆಯುತ್ತಾರೆ. ನಿನ್ನ ಸಾಲಿಗೆ ಸುದ್ದಿ ಮುಟ್ಟಿದರೆ ತಾಯಂದಿರು ಹುಡುಗಿಯರನ್ನು ಬಿಡಿಸಿಕೊಳ್ಳುತ್ತಾರೆ, ನಿನ್ನ ನೌಕರಿ ಹೋಗುತ್ತದೆ. ಲೋಟ ಬೇರೆ ಇಟ್ಟೆ, ಮಂಚವನ್ನು ಗೋಡೆಗೆ ಎಳೆದುಕೊಂಡೆ. ನನ್ನ ಕೋಣೆಯ ಜೊತೆಗಾರ ಅವಧೂತ, ಬೋಲಕಾ ಅಂದರೆ ಬಾಯಿಬಡಕ ಹುಡುಗ, ಹೆಗಲ ಮೇಲೆ ಕೈ ಹಾಕದೆ ಅವನಿಗೆ ಮಾತೇ ಬಾರದು. ಅವನ ಕೈ ನಾಲ್ಕು ಸಲ ಕೊಡವಿದೆ. 'ಯೂ ಆರ್ ಟೂ ಪ್ರೌಡ್' ಅಂತ ಬೇರೆ ಕೋಣೆಗೆ ಹೋದ. ಎರಡು ತಿಂಗಳು ನಾನು ಯಾರನ್ನೂ ಮುಟ್ಟಲಿಲ್ಲ, ಯಾರಿಂದಲೂ ಮುಟ್ಟಿಸಿಕೊಳ್ಳಲಿಲ್ಲ. ನೀನು ಬಂದದ್ದು ಆ ದಿನಗಳಲ್ಲಿ.

ಡಿಸೆಂಬರದ ಮೊದಲ ವಾರ. ಹಾಸ್ಟೆಲಿನ ಎದುರು ಕಾಯಿಪಲ್ಲೆ ಮಾರುವ ರಂಗೂಬಾಯಿ ಅಂತ ಒಬ್ಬಾಕಿ ಇದ್ದಾಳೆ, ಅಜ್ಜಿ ಅನ್ನಲೂ ಆಗದ ಅವ್ವ ಅನ್ನಲೂ ಆಗದ ವಯಸ್ಸು. ಆಕೆಯ ಮುಂದೆ ಹಾದು ಹೋಗುವಾಗ 'ಅರೇ ಪೋರಾ, ಪಾಯ್ ಬಘ ತುಝಾ!', ನಿನ್ನ ಕಾಲು ನೋಡೋ, ಅಂತ ಚೀರಿದಳು. ಹಿಂದೆ ತಿರುಗಿ ನೋಡಿದರೆ ಗೇಟಿನಿಂದ ನನ್ನ ತನಕ ಕೆಂಪು ಹೆಜ್ಜೆ. ಬರಿಗಾಲಿನ ಹಿಮ್ಮಡಿಯಲ್ಲಿ ಬಾಟಲಿಯ ಗಾಜು ನಟ್ಟಿತ್ತು, ನನಗೆ ಗೊತ್ತೇ ಇಲ್ಲ. ಆಕೆ ಮೆಂತ್ಯದ ಸೂಡು ಆಚೆ ಸರಿಸಿ ನನ್ನ ಕಾಲನ್ನು ತನ್ನ ಮಡಿಲಿಗೇ ಎಳೆದುಕೊಂಡಳು. 'ಹಾತ್ ಲಾವೂ ನಕಾ', ಮುಟ್ಟಬೇಡಿ, ಅಂತ ಕೂಗಿಕೊಂಡೆ. ನಾನು ಮಡಿ ಮಾಡುತ್ತಿದ್ದೇನೆ ಅಂತ ತಿಳಿದು, 'ಗಪ್ಪ ಬಸ್! ಮೋಠಾ ಆಲಾ ಸೋವಳ್ಯಾಚಾ!' ಅಂದಳು. ಬಂದ ನೋಡ್ರಿ ದೊಡ್ಡ ಮಡಿವಂತ, ಅಂತ. ಉಗುರಿನಿಂದ ಗಾಜು ಕಿತ್ತು, ಸೆರಗಿನ ತುದಿ ಹರಿದು ಕಟ್ಟಿದಳು. ಇನ್ನೊಬ್ಬರ ಕೈ ನನ್ನ ಮೈ ಮೇಲೆ ಇತ್ತು. ಅದನ್ನು ಕಣ್ಣಿನಿಂದ ನೋಡಿದೆ, ಕಾಲಿಗೆ ತಿಳಿಯಲಿಲ್ಲ. ಅಲ್ಲೇ ಪೇಠದ ನಡುವೆ ಅತ್ತುಬಿಟ್ಟೆ. ಭಾಳ ನೋಯ್ತದೇನೋ ಅಂತ ಆಕೆ ಕೇಳಿದಳು. ನೋಯದ್ದಕ್ಕೇ ಅಳುತ್ತಿದ್ದೇನೆ ಅಂತ ಹೇಳುವಷ್ಟು ಮರಾಠಿ ನನಗೆ ಬಾರದು.

ಎಳೆದುಕೊಂಡು ಹೋಗಿ ಡಾಕ್ಟರ ಮುಂದೆ ಕೂಡಿಸಿದವಳೂ ಆಕೆಯೇ. ಕೃಷ್ಣಾಜಿ ಡಾಕ್ಟರು ಬೆಳಗಾವಿ ಕಡೆಯವರು, ನಮ್ಮ ಮಾತು ಬರುತ್ತದೆ. ಸೂಜಿ ಚುಚ್ಚಿ ನೋಡಿದರು, ಬಿಸಿನೀರಿನ ನಳಿಗೆ ತಣ್ಣೀರಿನ ನಳಿಗೆ ಹಚ್ಚಿ ನೋಡಿದರು, ಮೊಳಕಾಲ ಹಿಂದೆ ನರ ಹುಡುಕಿದರು, ಮೈಯೆಲ್ಲ ಮಚ್ಚೆ ಹುಡುಕಿದರು. ಕುಕ್ಕರಗಾಲಲ್ಲಿ ಕೂತು ಏಳು ಅಂದರು, ಏಳಲಾಗಲಿಲ್ಲ. ಮೀನಖಂಡ ಹಿಚುಕಿದಾಗ ಕಿರುಚಿದೆ. 'ಇದು ಕುಷ್ಠ ಅಲ್ಲೇನ್ರಿ?' ಅಂತ ಕೊನೆಗೆ ನಾನೇ ಡಾಕ್ಟರನ್ನು ಕೇಳಿಬಿಟ್ಟೆ. 'ಕುಷ್ಠ ಅಂತ ಯಾವ ಶಾಣ್ಯಾ ಹೇಳಿದ ನಿನಗ?' 'ನಾನಽ ರೀ. ಪುಸ್ತಕದಾಗ ಓದಿದೆ.' 'ಎಷ್ಟ ಓದಿದಿ?' 'ಒಂದ ಸಾಲು ರೀ.' ಅವರು ನಕ್ಕ ನಗೆಗೆ ಕಂಪೌಂಡರ್ ಒಳಗೆ ಇಣುಕಿ ನೋಡಿದ. ಏನು ಉಣ್ಣುತ್ತೀ ಅಂತ ಕೇಳಿ, ನಾನು ಹೇಳಿ ಮುಗಿಸಿದ ಮೇಲೆ ಅಂದರು: 'ತಮ್ಮಾ, ಇದು ಬೆರಿಬೆರಿ. ನರಕ್ಕ ಬೇಕಾದ್ದು ಅಕ್ಕಿ ಮೇಲಿನ ಪದರಿನಾಗ ಇರ್ತದ. ಅರ್ಧಾ ಮಿಲ್ಲಿನವ ತಗದ, ಉಳದದ್ದು ನೀ ತೊಳದ ಚೆಲ್ಲಿದಿ. ಔಷಧ ನಿಮ್ಮಕ್ಕ ಗಂಟ ಕಟಗೊಂಡ ತಂದಿದ್ಲು, ಅದನ್ನ ಕಾಗಿಗೆ ಹಾಕಿದಿ.'

ಈಗ ರಂಗೂಬಾಯಿ ಬಡಿದ ಜೋಳದ ಭಾಕರಿ ಎರಡು ಹೊತ್ತೂ ತಿನ್ನುತ್ತೇನೆ, ಮೊಳಕೆ ಬಂದ ಮಡಿಕೆಕಾಳಿನ ಪಲ್ಲೆಯ ಜೊತೆ. ಆಕೆಯ ಕೈಯಿಂದ ಉಂಡದ್ದನ್ನು ಮಠದ ಅಯ್ಯನವರಿಗೆ ಮಾತ್ರ ಹೇಳಬೇಡ. ಎಮ್ಮೆಗೆ ಹಾಕುವ ತೌಡನ್ನು ಬೆಲ್ಲದಲ್ಲಿ ಕಲಸಿ ದಿನಾ ಒಂದು ಹಿಡಿ ನುಂಗಬೇಕು, ಎಮ್ಮೆಯ ಸಹನೆ ಎಷ್ಟು ದೊಡ್ಡದು ಅಂತ ಈಗ ಗೊತ್ತಾಗಿದೆ. ಹದಿನೈದು ದಿನಕ್ಕೆ ಮೀನಖಂಡದ ನೋವು ಇಳಿಯಿತು, ಉರಿ ಆರುತ್ತ ಬಂತು. ಹೋದ ವಾರ ಒಂದು ಮುಂಜಾನೆ ಬಚ್ಚಲಿಗೆ ಕಾಲಿಟ್ಟೆ, ಕಲ್ಲು ತಣ್ಣಗಿತ್ತು. ತಣ್ಣಗಿತ್ತು ಅಕ್ಕಾ! ತೆಗೆದು ಮತ್ತೆ ಇಟ್ಟೆ, ಮತ್ತೆ ಇಟ್ಟೆ. ಹೊರಗೆ ಬಂದು ಯಾರಿಗಾದರೂ ಹೇಳಬೇಕು ಅನ್ನಿಸಿತು. ಕೋಣೆಯಲ್ಲಿ ಎದುರಿನ ಮಂಚ ಖಾಲಿ, ವರಾಂಡದಲ್ಲಿ ಎಲ್ಲರೂ ಕಾಲೇಜಿಗೆ ಓಡುವ ಗಡಿಬಿಡಿ. ಬಲಗಾಲಿನ ಎರಡು ಬೆರಳು ಇನ್ನೂ ಮಂದ. ನರ ಸಾವಕಾಶ ಬರ್ತಾವ, ಅವಸರ ಮಾಡಬ್ಯಾಡ ಅಂತ ಡಾಕ್ಟರು ಅಂದಿದ್ದಾರೆ. ದಿನಾ ಸಂಜೆ ಕಾಲು ತೊಳೆದು, ಗಾಯ ಆಗಿದೆಯೋ ಏನೋ ಅಂತ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಮುಖ ನೋಡಿಕೊಳ್ಳುವುದು ಕಡಿಮೆಯಾಗಿದೆ.

ಓಣಿಯ ಹಿರಿಯರಿಗೆಲ್ಲ ನನ್ನ ಶರಣು ತಿಳಿಸು. ಅಂದು ಮುಟ್ಟದೆ ಬಿಟ್ಟ ನಿನ್ನ ಪಾದಕ್ಕೆ ಇಲ್ಲಿಂದಲೇ ತಲೆ ಹಚ್ಚುತ್ತೇನೆ.

ನಿನ್ನ ತಮ್ಮ,
ಹೊಳಬಸಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದೆಲ್ಲ ಖರೆ, ಆದರೆ ಪೂರಾ ಅಲ್ಲ. ಅಂದು ಗೇಟಿನಲ್ಲಿ ನೀನು ಗಂಟು ಇಳಿಸುವಾಗ ಅವಧೂತ ಬಂದು 'ಹೂ ಈಸ್ ಶೀ?' ಅಂತ ಕೇಳಿದ. 'ನೋಬಡಿ. ಎ ವುಮನ್ ಫ್ರಮ್ ಅವರ್ ವಿಲೇಜ್' ಅಂದೆ. ನನ್ನ ಬಾಯಿಂದ ಹಾಗೆ ಅನ್ನಿಸಿದ್ದು ರೋಗದ ಭಯ ಅಲ್ಲ. ನಿನ್ನ ಧೂಳು ಹತ್ತಿದ ಸೀರೆ ನೋಡಿ ನಾಚಿಕೆಯಾಯಿತು, ಅದಕ್ಕೆ ಅಂದೆ. ಮೇ ರಜೆಯಲ್ಲಿ ನಿನಗೆ ಇಂಗ್ಲಿಷು ಕಲಿಸಿದವ ನಾನೇ, ಆ ಆರು ಶಬ್ದಗಳಲ್ಲಿ ನಿನಗೆ ಬಾರದ್ದು ಒಂದೂ ಇಲ್ಲ. ನೀನು ಸೆರಗು ಸರಿಮಾಡಿಕೊಂಡು ಆಚೆ ನೋಡಿದೆ. ಕೇಳಿಸಿತ್ತೇನು ಅಕ್ಕಾ? ಬೈದಾದರೂ ಸರಿ, ಒಂದು ಕಾರ್ಡು ಬರಿ. ಬೇಗ ಬರಿ.