ಮುಟ್ಟಬೇಡ ಅಂದ ಗಾಡಿ

ಚಿಮಾಯೊ, ನ್ಯೂ ಮೆಕ್ಸಿಕೊ
ಮಾರ್ಚ್ ೧೧, ಸೋಮವಾರ

ಎಲೋಯ್,

ಹೆಸರಿಗೆ ಮೊದಲು 'ಪ್ರೀತಿಯ' ಅಂತ ಬರೆಯಲು ಕೈ ಬರಲಿಲ್ಲ. ಕ್ಷೇಮ ಕೇಳುವುದು ಪದ್ಧತಿ, ಅದಕ್ಕಾಗಿ ಕೇಳುತ್ತಿದ್ದೇನೆ: ಕಣ್ಣು ಹೇಗಿದೆ? ಜನವರಿಯಲ್ಲಿ ಬಂದ ನಿನ್ನ ಪತ್ರ ನಿನ್ನ ತಂಗಿ ಓಫೇಲಿಯಾಳ ಕೈಬರಹದಲ್ಲಿತ್ತು. ಇದನ್ನೂ ಅವಳೇ ನಿನಗೆ ಓದಿ ಹೇಳುತ್ತಿರುತ್ತಾಳೆ. ಓಫೇಲಿಯಾ, ಅಣ್ಣನಿಗೆ ನೋವಾದೀತು ಅಂತ ಒಂದು ಸಾಲನ್ನೂ ಹಾರಿಸಬೇಡ, ನೋವಾಗಲಿ ಅಂತಲೇ ಬರೆಯುತ್ತಿದ್ದೇನೆ. ನನ್ನ ಕ್ಷೇಮಕ್ಕೆ ಏನೂ ಕೊರತೆಯಿಲ್ಲ. ಮಂಡಿ ಹಿಡಿದುಕೊಂಡಿದೆ, ಎರಡು ವರ್ಷ ಪಿಕಪ್ಪಿನ ಕೆಳಗೆ ಮಲಗಿ ಎದ್ದದ್ದಕ್ಕೆ. ನಾಯಿ ಸತ್ತಿತು. ಏಪ್ರಿಕಾಟ್ ಮರ ಈ ಸಲವೂ ಬುದ್ಧಿಯಿಲ್ಲದೆ ಬೇಗ ಹೂ ಬಿಟ್ಟಿದೆ, ಹಿಮ ಬಿದ್ದರೆ ಎಲ್ಲ ಹೋಯಿತು.

ಇನ್ನು ನಿನ್ನ ಪತ್ರದ ವಿಷಯ. ಫೀನಿಕ್ಸಿನಲ್ಲಿ ಯಾರೋ ಒಬ್ಬ ನಮ್ಮ ಐವತ್ತೊಂದನೇ ಇಸವಿಯ ಪಿಕಪ್ಪನ್ನು ಕೊಳ್ಳುತ್ತಾನಂತೆ, ಆದರೆ ಕಾರ್ಖಾನೆಯಿಂದ ಹೇಗೆ ಹೊರಬಂತೋ ಹಾಗೇ ಇರಬೇಕಂತೆ. 'ಏನೂ ಮುಟ್ಬೇಡ ಎರ್ಲಿಂದಾ, ನಾ ಹ್ಯಾಗೆ ಬಿಟ್ಟಿದ್ನೋ ಹಾಗೇ ಇರ್ಲಿ' ಅಂತ ಬರೆಸಿದ್ದೀಯ. ಆರು ವರ್ಷದ ಮೇಲೆ ಬಂದ ಮೊದಲ ಪತ್ರದಲ್ಲಿ ನನ್ನ ಬಗ್ಗೆ ಇದ್ದದ್ದು ಇಷ್ಟೇ. ನೀನು ಹೇಗೆ ಬಿಟ್ಟಿದ್ದೆ ಅಂತ ನೆನಪಿದೆಯೇ? ಎಂಜಿನ್ ಬಿಚ್ಚಿ ನೆಲದ ಮೇಲೆ ಹರಡಿ, ನಟ್ಟು ಬೋಲ್ಟುಗಳನ್ನೆಲ್ಲ ಹನ್ನೊಂದು ಕಾಫಿ ಡಬ್ಬಿಗಳಿಗೆ ಸುರಿದು, ಒಂದರ ಮೇಲೂ ಚೀಟಿ ಅಂಟಿಸದೆ ಹೋಗಿದ್ದೆ. ಹತ್ತೊಂಬತ್ತು ವರ್ಷ ಆ ಶೆಡ್ಡಿನಲ್ಲಿ ಕೂತು ನೀನು ಮಾಡಿದ್ದು ಬಿಚ್ಚುವುದೊಂದೇ. ನನ್ನನ್ನೂ ಹಾಗೇ ಬಿಟ್ಟು ಹೋದೆ.

ಹೋಗಿದ್ದಾದರೂ ಯಾಕೆ? ನಿನ್ನ ಸ್ನೇಹಿತರೆಲ್ಲ ಅಂಗಳದಲ್ಲಿ ಕೂತಿದ್ದಾಗ ನಾನು ಒಂದು ಮಾತು ಅಂದೆ, 'ಈ ಗಾಡಿ ಸ್ಟಾರ್ಟ್ ಆಗೋ ದಿನ ನನ್ನ ಹೆಣ ಹೊರೋಕೇ ಬರತ್ತೆ' ಅಂತ. ಅವರು ನಕ್ಕರು. ನಾಲ್ಕು ಜನ ನಕ್ಕಿದ್ದಕ್ಕೆ ಮೂವತ್ತೊಂದು ವರ್ಷದ ಸಂಸಾರ ಬಿಟ್ಟು, ಒಂದು ತಿಂಗಳು ಅಂತ ಹೇಳಿ ತಂಗಿಯ ಮನೆ ಸೇರಿದೆ. ಆ ತಿಂಗಳು ಇನ್ನೂ ಮುಗಿದಿಲ್ಲ. ನಾನು ಕ್ಷಮೆ ಕೇಳುತ್ತೇನೆ ಅಂತ ಕಾದೆಯೋ ಏನೋ. ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಕೇಳುವ ಬದಲು, ಎರಡು ವರ್ಷದ ಹಿಂದೆ, ಸ್ಪಾನರ್ ಹಿಡಿದೆ. ಮೊದಲ ಬೇಸಿಗೆ ಡಬ್ಬಿಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸುರಿದು, ಕಾಳು ಆರಿಸಿದ ಹಾಗೆ ಒಂದೊಂದೇ ಬೋಲ್ಟನ್ನು ಆರಿಸಿದೆ. ಪಕ್ಕದ ಮನೆಯ ಅಮರಾಂತೆ ಬೇಲಿಯ ಮೇಲೆ ಮೊಣಕೈ ಊರಿಕೊಂಡು ನೋಡುತ್ತಿದ್ದ. ನಲವತ್ತು ವರ್ಷ ಗಾಡಿಗಳ ತಗಡು ತಟ್ಟಿದವನು, ಸಹಾಯಕ್ಕಿಂತ ಬಾಯಿ ಮುಂದು. ಜುಲೈಯಲ್ಲಿ ಬಾನೆಟ್ಟಿನ ಹಳೇ ಬಣ್ಣವನ್ನೆಲ್ಲ ಕೆರೆದು ಬರಿಯ ತಗಡು ಮಾಡಿದೆ. ಕನ್ನಡಿಯಂತೆ ಹೊಳೆಯಿತು. ತುಕ್ಕು ತಡೆಯುವ ಪ್ರೈಮರ್ ನಾಳೆ ಬಳಿದರಾಯಿತು ಅಂತ ಅಂಗಳದಲ್ಲೇ ಬಿಟ್ಟು ಪೂಜೆಗೆ ಚರ್ಚಿಗೆ ಹೋದೆ. ಬರುವಷ್ಟರಲ್ಲಿ ಒಂದು ಮಳೆ ಬಿದ್ದು, ಬಿಸಿಲೂ ಬಂದಿತ್ತು. ಬಾನೆಟ್ ತುಂಬ ತುಕ್ಕು. 'ಏನಕ್ಕಾ, ಬೆಳಿಗ್ಗೆ ಬೆಳ್ಳಿ ಇತ್ತು, ಈಗ ಮೆಣಸಿನ ಪುಡಿ ಒಣಗಿಸಿದ್ದೀಯಲ್ಲ' ಅಂದ ಅಮರಾಂತೆ. ಅವನನ್ನು ಬೈದೆ, ನಿನ್ನನ್ನೂ ಸೇರಿಸಿಯೇ ಬೈದೆ. ಮತ್ತೆ ಮೂರು ದಿನ ಕೆರೆದೆ. ಕೆರೆದ ತಗಡಿಗೆ ಅಂದೇ ಪ್ರೈಮರ್ ಬಳಿಯಬೇಕು ಅಂತ ಆ ಸಿಟ್ಟಿನಲ್ಲಿ ಕಲಿತದ್ದನ್ನು ಮರೆತಿಲ್ಲ. ಕಳೆದ ಅಕ್ಟೋಬರಿನಲ್ಲಿ ಎಂಜಿನ್ ಹತ್ತಿತು. ಮೂರನೇ ಸಲಕ್ಕೇ ಹತ್ತಿತು ಎಲೋಯ್, ನಾನು ಸಾಯಲಿಲ್ಲ. ಅಮರಾಂತೆ ಟೋಪಿ ತೆಗೆದ. ಬೇಕಿದ್ದರೆ ಅವನನ್ನೇ ಕೇಳು.

ಜನವರಿಯವರೆಗೂ ಗಾಡಿ ಕಾರ್ಖಾನೆಯಿಂದ ಬಂದ ಹಾಗೇ ಇತ್ತು, ಬಾನೆಟ್ಟಿಗೂ ಹಳೇ ಕಡು ಹಸಿರನ್ನೇ ಬಳಿದಿದ್ದೆ. ಒಂದು ಹಿಡಿಕೆಯನ್ನೂ ಬದಲಿಸಿರಲಿಲ್ಲ, ಯಾಕೆ ಅಂತ ನನಗೇ ಗೊತ್ತಿಲ್ಲ. ಆಮೇಲೆ ನಿನ್ನ ಪತ್ರ ಬಂತು. ಓದಿ ಮುಗಿಸಿ, ತಟ್ಟೆ ತೊಳೆದು, ನೇರ ಶೆಡ್ಡಿಗೆ ಹೋಗಿ ಕಟಿಂಗ್ ಮೆಷಿನ್ ಆನ್ ಮಾಡಿದೆ. ಹಿಂದಿನ ಸ್ಪ್ರಿಂಗ್ ಪಟ್ಟಿಗಳಲ್ಲಿ ಮೂರನ್ನು ತೆಗೆದು ಎಸೆದೆ, ಗಾಡಿ ಈಗ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗಿದೆ. ದೊಡ್ಡ ಸ್ಟೀರಿಂಗ್ ಬಿಚ್ಚಿ ಸರಪಳಿ ಬೆಸೆದು ಮಾಡಿದ ಚಿಕ್ಕ ಸ್ಟೀರಿಂಗ್ ಹಾಕಿದೆ. ನಿಮ್ಮಪ್ಪ ಸೇಬಿನ ಬುಟ್ಟಿ ಹೇರುತ್ತಿದ್ದ ಹಲಗೆಗಳನ್ನು ಮಾತ್ರ ಎಣ್ಣೆ ತಿಕ್ಕಿ ಉಳಿಸಿದ್ದೇನೆ, ಆ ಮನುಷ್ಯ ನನಗೆ ಏನೂ ಕೆಟ್ಟದ್ದು ಮಾಡಿರಲಿಲ್ಲ. ಉದ್ದದ ಸೀಟನ್ನು ಮಧ್ಯಕ್ಕೆ ಕೊಯ್ದು ಎರಡು ಮಾಡಿದೆ. ಸ್ಟೀರಿಂಗ್ ಕಡೆಯ ಅರ್ಧವನ್ನು ನನ್ನ ಗಿಡ್ಡ ಕಾಲಿಗೆ ಸರಿಯಾಗಿ ಮುಂದಕ್ಕೆ ತಂದು ವೆಲ್ಡಿಂಗ್ ಮಾಡಿಬಿಟ್ಟಿದ್ದೇನೆ, ಇನ್ನು ಅದು ಯಾರಪ್ಪ ಬಂದರೂ ಜರುಗುವುದಿಲ್ಲ. ನಿನ್ನ ಕೊಕ್ಕರೆ ಕಾಲು ಅಲ್ಲಿ ಮಡಚಿದರೂ ಹಿಡಿಸದು. ಕೊನೆಗೆ ಬಣ್ಣ. ನಿನಗೆ ಆ ಕಡು ಹಸಿರು ಬಿಟ್ಟರೆ ಬೇರೆ ಯಾವ ಬಣ್ಣ ಹೊಡೆದರೂ ಗಾಡಿ ಸಂತೆಯ ಬೊಂಬೆಯೇ. ಕಳೆದ ವಾರ ಒಳ್ಳೆಯ ಬಿಸಿಲಿತ್ತು, ನಾಲ್ಕು ಮಧ್ಯಾಹ್ನ ಕೂತು ಇಡೀ ಗಾಡಿಗೆ ನಿಂಬೆಹಣ್ಣಿನ ಹಳದಿ ಹೊಡೆದೆ. 'ಟ್ಯಾಕ್ಸಿ ಓಡಿಸ್ತೀಯೇನಕ್ಕಾ' ಅಂದ ಅಮರಾಂತೆ.

ನಿನ್ನ ಫೀನಿಕ್ಸಿನ ಮನುಷ್ಯನಿಗೆ ಹೇಳು, ಅವನಿಗೆ ಬೇಕಾದ ಗಾಡಿ ಈಗ ಈ ಭೂಮಿಯ ಮೇಲಿಲ್ಲ. ಇನ್ನು ಇದನ್ನು ಯಾರೂ ಮೊದಲಿನಂತೆ ಮಾಡಲಾರರು, ನೀನೂ ಮಾಡಲಾರೆ. ಅದಕ್ಕಾಗಿಯೇ ಕೊಯ್ದೆ. ಈಸ್ಟರ್ ಭಾನುವಾರ ಎಸ್ಪಾನ್ಯೋಲಾ ಪಟ್ಟಣದಲ್ಲಿ ಹೀಗೆ ತಗ್ಗಿಸಿ ಸಿಂಗರಿಸಿದ ಗಾಡಿಗಳೆಲ್ಲ ಮೆರವಣಿಗೆ ಹೊರಡುವಾಗ ನಾನು ಇದನ್ನು ನಡೆಗಿಂತ ನಿಧಾನಕ್ಕೆ ಓಡಿಸುತ್ತೇನೆ. ಅಂದು ನಕ್ಕ ನಾಲ್ವರೂ ರಸ್ತೆ ಬದಿಯಲ್ಲಿ ನಿಂತಿರುತ್ತಾರೆ.

ಓಫೇಲಿಯಾಳಿಗೂ ಅವಳ ಮಕ್ಕಳಿಗೂ ದೇವರು ಒಳ್ಳೆಯದು ಮಾಡಲಿ, ಆರು ವರ್ಷ ನಿನ್ನನ್ನು ಸಹಿಸಿದ ಪುಣ್ಯ ಅವಳಿಗಿದೆ. ನಿನಗೆ ಹೇಳಲು ನನ್ನಲ್ಲಿ ಆಶೀರ್ವಾದವಿಲ್ಲ.

ಕಾಗದದಲ್ಲಿ ಇನ್ನೂ ನಿನ್ನ ಹೆಂಡತಿ,
ಎರ್ಲಿಂದಾ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನಿನಗೆ ಹಸಿರು, ನೀಲಿ, ಕಪ್ಪು ಎಲ್ಲ ಒಂದೇ ಮಸುಕಾಗಿದೆ, ಅಡುಗೆಮನೆಯ ನಿಂಬೆಹಣ್ಣು ಮಾತ್ರ ಬಾಗಿಲಿನಿಂದಲೇ ಕಾಣುತ್ತದೆ ಅಂತ ಓಫೇಲಿಯಾ ಫೋನಿನಲ್ಲಿ ಹೇಳಿದ್ದಳು. ಬಣ್ಣದ ಅಂಗಡಿಗೆ ನಾನು ಕೈಯಲ್ಲಿ ನಿಂಬೆಹಣ್ಣು ಹಿಡಿದುಕೊಂಡೇ ಹೋಗಿದ್ದೆ. ಸೀಟಿನ ಇನ್ನರ್ಧವನ್ನು ಎಷ್ಟು ಹಿಂದಕ್ಕೆ ಹೋಗುತ್ತದೋ ಅಷ್ಟು ಹಿಂದಕ್ಕೆ ಕೂರಿಸಿದ್ದೇನೆ. ಈಸ್ಟರಿನ ಹಿಂದಿನ ದಿನ, ಶನಿವಾರದ ಬಸ್ಸಿಗೆ ಬಾ. ಸಾಂತಾ ಫೆಯ ಬಸ್ ನಿಲ್ದಾಣದ ಎದುರು ನಿಲ್ಲಿಸಿರುತ್ತೇನೆ. ಯಾರ ಕೈಯನ್ನೂ ಹಿಡಿಯಬೇಡ, ಯಾರನ್ನೂ ದಾರಿ ಕೇಳಬೇಡ. ಕಾಣುವುದರ ಕಡೆಗೆ ನಡೆದು ಬಾ.