ನಗುವಿಗೂ ಒಂದು ಸೂಜಿ ಬೇಕಿತ್ತು

ಮಾನ್ಯ ಆರೋಗ್ಯ ಪ್ರಚಾರಾಧಿಕಾರಿಗಳೇ,

ನಾಯಿ ಕಚ್ಚಿದರೆ ಸೂಜಿ ಹಾಕಿಸಿಕೊಳ್ಳಿ ಎಂದು ಹೇಳಿದಿರಿ. ಹಾಕಿಸಿಕೊಳ್ಳಲು ಹೊರಟವನನ್ನು ಕಂಡು ಜನ ನಗುತ್ತಾರೆ ಎಂಬುದನ್ನು ಮಾತ್ರ ಹೇಳಲಿಲ್ಲ. ನನ್ನ ಗಂಡ ವಿರೇಶ ಸತ್ತದ್ದು ಆ ನಗುವಿನಿಂದ.

ನಿಮ್ಮ ಜೀಪು ತುರ್ವಿಹಾಳಕ್ಕೂ ಬಂದಿತ್ತು. 'ಸಾರ್ವಜನಿಕರಲ್ಲಿ ಸವಿನಯ ವಿನಂತಿ' ಎಂದು ಎಷ್ಟು ಸಭ್ಯವಾಗಿ ಕೂಗಿತು! ವಿರೇಶ ನಂಬಿದ, ನಾಯಿ ಕಚ್ಚಿದಾಗ ಮೊದಲ ಸೂಜಿ ಹಾಕಿಸಿಕೊಂಡ. ಮುಂದಿನ ಸೂಜಿಯ ದಿನ ಅವನ ಗುಂಪಿಗೆ ಮುಕ್ಕುಂದದಲ್ಲಿ ಭತ್ತದ ನಾಟಿ ಇತ್ತು. ಅವನು ಸಸಿ ಹೊರುವವನು. ಹೊರುವವನು ಬಾರದಿದ್ದರೆ ನೆಡುವವರ ಕೈ ನಿಲ್ಲುತ್ತದೆ. "ದವಾಖಾನಿ ಮುಂದ ಇಳಸ್ರಿ, ಹಿಂದಿಂದ ಬರ್ತೀನಿ" ಎಂದನಂತೆ. ಟ್ರ್ಯಾಕ್ಟರ್ ಟ್ರಾಲಿಯಲ್ಲಿದ್ದ ಅದೇ ಗುಂಪಿನ ವೆಂಕೋಬ ಮೊಬೈಲಿನಲ್ಲಿ ಎಲ್ಲೆಡೆ ಹರಿದಾಡುತ್ತಿದ್ದ ಒಂದು ಆಡಿಯೋ ಹಚ್ಚಿದ: "ದಾರಿ ಬಿಡ್ರಿ, ಸೂಜಿ ಮಹಾರಾಜರು ಬಂದಾರ! ನಮ್ಮಜ್ಜಗ ತೋಳ ಕಡದಿತ್ತು. ಪಾಪ, ತೋಳಾನ ಸತ್ತು ಹೋತು!"

ಎಲ್ಲರೂ ನಕ್ಕರು. ವಿರೇಶನೂ ನಕ್ಕ. ಟ್ರ್ಯಾಕ್ಟರ್ ಆಸ್ಪತ್ರೆ ದಾಟಿ ಹೋಯಿತು. ಆಮೇಲೆ ನಾನು ಎಷ್ಟು ಹೇಳಿದರೂ ಅದೇ ತೋಳದ ಮಾತು ಆಡಿ ನನ್ನನ್ನೇ ನಗಿಸಲು ನೋಡಿದ. ಕೆಲವು ವಾರಗಳ ಮೇಲೆ ನೀರು ಕಂಡರೆ ಅವನ ಗಂಟಲು ಬಿಗಿಯತೊಡಗಿತು. ಅಷ್ಟೇ. ಹೆಣಕ್ಕೆ ಹೆಗಲು ಕೊಟ್ಟವನೂ ವೆಂಕೋಬನೇ. ನನಗೆ ಅವನ ಮೇಲೆ ಸಿಟ್ಟೂ ಬರುತ್ತಿಲ್ಲ.

ಆ ಆಡಿಯೋ 'ಸೂಜಿ ಬೇಡ' ಎಂದಿದ್ದರೆ ವಿರೇಶ ವಾದಕ್ಕೆ ನಿಲ್ಲುತ್ತಿದ್ದ. ಹಾಗೆ ಎಲ್ಲೂ ಅನ್ನಲಿಲ್ಲ. ನಗುವಿನ ಜೊತೆ ವಾದ ಮಾಡುವುದು ಹೇಗೆ? ನಿಮ್ಮ ಘನ ಇಲಾಖೆಯ ಯಾವ ಕರಪತ್ರದಲ್ಲಿದೆ ಅದು?

ಈಗ ನನ್ನ ತಂಗಿಯ ಮಗಳು ಭಾಗ್ಯಶ್ರೀಗೆ ನಾಯಿ ಕಚ್ಚಿದೆ. ಒಂದು ಸೂಜಿ ಆಗಿದೆ, ಇನ್ನೂ ಉಳಿದಿವೆ. ಶಾಲೆಯ ಮಕ್ಕಳ ಬಾಯಲ್ಲೂ ಅದೇ ಆಡಿಯೋ. "ನಾ ಒಲ್ಲೆ ದೊಡ್ಡವ್ವ, ಎಲ್ಲಾರೂ ನಗ್ತಾರ" ಎಂದು ಅತ್ತಳು. ಅದಕ್ಕೆ ನಾನೇ ಮನೆಯಲ್ಲಿ ಅವಳನ್ನು ಅಣಕಿಸತೊಡಗಿದೆ. ಅದೇ ದನಿ, ಅದೇ ಮಾತು. ಮೊದಲು ಅತ್ತಳು, ನಿನ್ನೆ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು: "ನಗ್ರಿ, ನಗ್ರಿ. ತೋಳ ಕಡದ ಅಜ್ಜ ಎಲ್ಲಿ ಅದಾನ, ಕರಸ್ರಿ ನೋಡೋಣು." ಸೂಜಿಗೂ ಬಂದಳು.

ಆದ್ದರಿಂದ ಕೇಳುತ್ತೇನೆ. ಮುಂದಿನ ಸಲ ವಿನಂತಿ ಬಿಟ್ಟು ಅಣಕವನ್ನೇ ತನ್ನಿ. ಜನ ನಿಮ್ಮನ್ನು ನೋಡಿ ಹೇಗೆ ನಗುತ್ತಾರೆಂದು ನೀವೇ ಮೊದಲು ಆಡಿ ತೋರಿಸಿ, ತಿರುಗಿ ಉತ್ತರ ಕೊಡಲು ಕಲಿಸಿ. ನಾಟಿ ಗುಂಪುಗಳಿಗೆ, ಶಾಲೆಗಳಿಗೆ, ಮಸ್ಕಿಯ ಸಂತೆಗೆ ಹೋಗಿ. ಅಲ್ಲಿಯವರೆಗೆ ನಾನೇ ಮಾಡುತ್ತೇನೆ. ಗಂಡನನ್ನು ತಿಂದ ಮಾತನ್ನು ದಿನಾ ಮಗುವಿನ ಮುಂದೆ ನಗುನಗುತ್ತಾ ಆಡುತ್ತೇನೆ. ಈಗ ಅದು ನನಗೆ ಚೆನ್ನಾಗಿ ಬರುತ್ತದೆ.

ಇಂತಿ,
ನಿಮ್ಮ ಸವಿನಯ ವಿನಂತಿಯನ್ನು ಪೂರ್ತಿ ನಂಬಿದ್ದ ಮನೆಯವಳು,
ಉಮಾದೇವಿ, ತುರ್ವಿಹಾಳ